ಹೂಫ್ ಸಾಹೇಬರ ತಾಯಿಮನೆ

ನನ್ನ ಗಂಡ ದೇಜಪ್ಪ ತೀರಿಕೊಂಡ ಹತ್ತನೆಯ ದಿನ, ಒಂದು ಶನಿವಾರ ಬೆಳಿಗ್ಗೆ ಏಳು ಗಂಟೆಗೆ, ಮಸ್ಕತ್ತಿನ ರೂವಿಯಲ್ಲಿ ಲೋಕ ಮತ್ತೆ ಮಾಮೂಲಿನಂತೆ ನಡೆಯತೊಡಗಿತು. ನೀರಿನ ಟ್ಯಾಂಕರು ಬಂದು ಕೆಳಗೆ ಹಾರ್ನ್ ಹೊಡೆಯಿತು. ಮೇಲಿನ ಮನೆಯ ಮಕ್ಕಳು ಶಾಲೆಯ ಬಸ್ಸಿಗೆ ಓಡಿದರು. ಒಂಬತ್ತು ದಿನ ನನ್ನ ಅಡುಗೆಮನೆಯಲ್ಲಿ ಗಂಜಿ ಬೇಯಿಸುತ್ತಾ ಪಿಸುದನಿಯಲ್ಲಿ ಮಾತಾಡುತ್ತಿದ್ದ ಪಕ್ಕದ ಮನೆಯ ಕ್ಲೆಮೆಂಟಿನಾ ಬಾಯಿ, ಅಂದು ತಮ್ಮ ಅಡುಗೆಮನೆಗೆ ಮರಳಿ, ತಮ್ಮ ಗಂಡನನ್ನು ಗಟ್ಟಿಯಾಗಿ ಬೈಯುತ್ತಿದ್ದರು. ದುಃಖದ ಅವಧಿ ಮುಗಿಯಿತೆಂಬುದಕ್ಕೆ ಇದಕ್ಕಿಂತ ಅಧಿಕೃತ ಪ್ರಕಟಣೆ ಬೇಕಿರಲಿಲ್ಲ.

ಹೋಗದೆ ಉಳಿದವರು ನನ್ನ ಭಾವ ಭೋಜರಾಜ ಒಬ್ಬರೇ. ದೇಜಪ್ಪನ ಅಣ್ಣ, ಸೊಹಾರಿನಲ್ಲಿ ಒಂದು ಕಂಪನಿಯ ಸ್ಟೋರ್‌ಕೀಪರ್. ತಮ್ಮನ ದಹನವನ್ನು ಸೊಹಾರಿನಲ್ಲಿ ತಾವೇ ನಿಂತು ಮಾಡಿಸಿದ್ದರು. ಅದರ ಕಾಗದಗಳನ್ನೆಲ್ಲ ಮೂರು ಮೂರು ಪ್ರತಿ ಮಾಡಿಸಿ, ಫೈಲಿಗೆ ಹಾಕಿ, ಮೇಲೆ ‘ದೇಜಪ್ಪ – ಫೈನಲ್’ ಎಂದು ಬರೆದು, ಅದನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಸೋಫಾದಲ್ಲಿ ಕೂತಿದ್ದರು. ಸ್ಟೋರ್‌ಕೀಪರರ ಕಣ್ಣಿಗೆ ನಾನು ಇನ್ನೂ ರವಾನೆಯಾಗದ ಒಂದು ಸಾಮಾನು.

ನನಗೆ ರವಾನೆಯಾಗುವ ಮನಸ್ಸಿರಲಿಲ್ಲ. ನನ್ನ ವೀಸಾ ಗಂಡನ ಕೆಲಸಕ್ಕೆ ಅಂಟಿಕೊಂಡಿತ್ತು. ಅವನ ಜೊತೆ ಅದೂ ತೀರಿಹೋಗಿತ್ತು. ಆದರೆ ಸೂರ್ ಎಂಬ ಊರಿನ ಒಂದು ಭಾರತೀಯ ಶಾಲೆ ನನಗೆ ಇತಿಹಾಸದ ಟೀಚರ್ ಕೆಲಸ ಕೊಡಲು ಒಪ್ಪಿತ್ತು. ಕೆಲಸದ ಜೊತೆ ಒಂದು ಕೋಣೆ, ಅದಕ್ಕೆ ಒಳಗಿನಿಂದ ಹಾಕುವ ಚಿಲಕ. ಅಲ್ಲಿಗೆ ಹೋಗಲು ದೇಜಪ್ಪನ ಕಂಪನಿ ‘ನಮ್ಮದೇನೂ ಆಕ್ಷೇಪವಿಲ್ಲ’ ಎಂದು ಒಂದು ಕಾಗದ ಕೊಡಬೇಕು. ಅದಕ್ಕೆ ಎನ್‌ಒಸಿ ಅನ್ನುತ್ತಾರೆ. ಕೊಲ್ಲಿಯಲ್ಲಿ ಮನುಷ್ಯನಿಗೆ ಉಸಿರು ಇದೆಯೇ ಎಂಬುದನ್ನು ಆಮೇಲೆ ನೋಡುತ್ತಾರೆ, ಎನ್‌ಒಸಿ ಇದೆಯೇ ಎಂಬುದನ್ನು ಮೊದಲು. ಸಿಗದಿದ್ದರೆ ತಿಂಗಳ ಕೊನೆಗೆ ವಿಮಾನ. ಊರಿನಲ್ಲಿ ನನಗೇನೂ ಇಲ್ಲ ಎಂದಲ್ಲ. ಎಲ್ಲ ಸಿದ್ಧವಾಗಿತ್ತು: ಅಣ್ಣನ ಮನೆ, ಅತ್ತಿಗೆಯ ಮೂರು ಮಕ್ಕಳು, ಅವರ ಹೋಮ್‌ವರ್ಕು, ಮುಂದಿನ ನಲವತ್ತು ವರ್ಷ.

ಆ ಕಾಗದಕ್ಕೆ ಸಹಿ ಹಾಕಬೇಕಾದವರು ಮ್ಯಾನೇಜರ್ ವಾನ್ ಡರ್ ಹೂಫ್ ಎಂಬ ಅಮೆರಿಕನ್. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಹೂಫ್ ಸಾಹೇಬರು.

ಏಳೂವರೆಗೆ ಬಾಗಿಲು ಬಡಿಯಿತು. ಪೀಟರ್. ಆಫೀಸಿನಲ್ಲಿ ಎಂಟು ವರ್ಷ ದೇಜಪ್ಪನ ಎದುರಿನ ಮೇಜಿನಲ್ಲಿ ಕೂತವರು, ಮಂಗಳೂರು ಕಡೆಯವರು. ಚಪ್ಪಲಿ ಬಿಚ್ಚಿದರು, ಮತ್ತೆ ಹಾಕಿಕೊಂಡರು.

“ಕುಸುಮಕ್ಕ, ಹೀಗೆ ಕೇಳಿಕೊಂಡು ಬರ್‍ಬಾರ್ದಿತ್ತು. ಸಾಹೇಬರ ಪುಸ್ತಕ ಒಂದು ಉಂಟಲ್ಲ ನಿಮ್ಮಲ್ಲಿ? ಅದು ಇವತ್ತೇ ಬೇಕಂತೆ.”

“ಯಾಕೆ? ಎಂತ ಆಯ್ತು?” ಭಾವ ಫೈಲಿನ ಸಮೇತ ಎದ್ದರು.

“ಎಂತ ಆಗ್ಲಿಲ್ಲ ಕೇಳಿ ಭೋಜರಾಜಣ್ಣ,” ಎಂದು ಪೀಟರ್ ಕುಸಿದು ಕೂತರು. “ಗುರುವಾರ ಸಾಹೇಬರ ಪಾರ್ಟಿ ಇತ್ತು.”

ಗುರುವಾರ ಎಂದರೆ ದೇಜಪ್ಪ ಬೂದಿಯಾದ ಏಳನೆಯ ದಿನ. ಹೋಟೆಲಿನ ಹಾಲ್ ಮೊದಲೇ ಬುಕ್ ಆಗಿತ್ತಂತೆ. ಮುಂದೂಡಿದರೆ ಕೇಟರಿಂಗಿನವರಿಗೆ ತೊಂದರೆಯಂತೆ.

ಆ ಪುಸ್ತಕದ ವಿಷಯ ಇಲ್ಲಿ ಹೇಳಿಬಿಡುತ್ತೇನೆ. ಹೂಫ್ ಸಾಹೇಬರು ಜೂನಿನಲ್ಲಿ ನಿವೃತ್ತರಾಗುವವರಿದ್ದರು. ಅವರ ಪೂರ್ವಜರು ಮುನ್ನೂರು ವರ್ಷಗಳ ಹಿಂದೆ, ನ್ಯೂಯಾರ್ಕಿಗೆ ಇನ್ನೂ ನ್ಯೂ ಆಮ್‌ಸ್ಟರ್‌ಡಾಮ್ ಎಂಬ ಹೆಸರಿದ್ದಾಗ, ಹಾಲೆಂಡಿನಿಂದ ಹಡಗು ಹತ್ತಿ ಹೋದವರು. ಗೆರಿಟ್ ವಾನ್ ಡರ್ ಹೂಫ್ ಎಂಬ ಮೂಲಪುರುಷ, ಅವನಿಗೆ ನದಿ ದಂಡೆಯಲ್ಲಿ ಜಮೀನು, ಜಮೀನಿಗೆ ಗಾಳಿಗಿರಣಿ. ಈ ಗೆರಿಟನಿಂದ ತಮ್ಮವರೆಗಿನ ವಂಶಾವಳಿಯನ್ನು ದೊಡ್ಡ ಹಾಳೆಯಲ್ಲಿ ಮಾಡಿಸಿ, ಚೌಕಟ್ಟು ಹಾಕಿಸಿ, ಬೀಳ್ಕೊಡುಗೆಯ ಪಾರ್ಟಿಯಲ್ಲಿ ಪರದೆ ಸರಿಸಬೇಕೆಂಬುದು ಸಾಹೇಬರ ಆಸೆ. ಅದಕ್ಕಾಗಿ ತಮ್ಮ ಸೆಕ್ರೆಟರಿ ದೇಜಪ್ಪನ ಕೈಗೆ ಒಂದು ಹಳೆಯ ಚರ್ಮದ ರಟ್ಟಿನ ಪುಸ್ತಕ ಕೊಟ್ಟು, “ಇದರಲ್ಲಿ ನನ್ನ ಕುಟುಂಬ ಇದೆ, ಚೆನ್ನಾಗಿ ಮಾಡು” ಎಂದಿದ್ದರು. ಅಷ್ಟೇ ಹೇಳಿದ್ದು. ದೊಡ್ಡ ಮನುಷ್ಯರು ಎರಡನೆಯ ವಾಕ್ಯ ಹೇಳುವುದಿಲ್ಲ.

ದೇಜಪ್ಪ ಪುಸ್ತಕವನ್ನು ಮೊದಲ ಪುಟದಿಂದ ತೆರೆದ. ಮನುಷ್ಯರು ಸಾಮಾನ್ಯವಾಗಿ ಹಾಗೆಯೇ ತೆರೆಯುತ್ತಾರೆ. ಮೊದಲ ಪುಟದಲ್ಲಿ ಒಂದರ ಕೆಳಗೆ ಒಂದು ಹತ್ತು ಹೆಸರು, ಎಲ್ಲವೂ ಹೆಂಗಸರವು. ಡಚ್ ಬರಹದ ಕೆಳಗೆ ಯಾವಳೋ ಅಜ್ಜಿ ಪೆನ್ಸಿಲಿನಲ್ಲಿ ಇಂಗ್ಲಿಷ್ ಅರ್ಥ ಬರೆದಿದ್ದಳು: ‘ಈ ಪುಸ್ತಕ ಮಗಳ ಜೊತೆ ಹೋಗುತ್ತದೆ.’ ಅಲ್ಲಿಂದ ನೂರು ಪುಟ, ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಗಳಿಗೆ. ಗಾಳಿಗಿರಣಿಯ ಗೆರಿಟ್ ಇದ್ದದ್ದು ಕೊನೆಯ ಹತ್ತು ಪುಟಗಳಲ್ಲಿ. ಸಾಹೇಬರ ತಾಯಿ ತನ್ನ ಗಂಡನ ಮನೆಯವರ ವಿವರವನ್ನು, ಜಾಗ ಉಳಿದಿತ್ತೆಂದು, ಅಲ್ಲಿ ಬರೆದಿಟ್ಟಿದ್ದಳು.

“ನೋಡು ಮಾರಾಯ್ತಿ, ಇವರು ನಮ್ಮವರೇ!” ಎಂದು ದೇಜಪ್ಪ ಊಟದ ಮೇಜಿನಿಂದ ಕೂಗಿದ್ದ. “ಅಳಿಯಸಂತಾನ! ಶುದ್ಧ ಅಳಿಯಸಂತಾನ!”

ನಾವು ತುಳುವರು. ನಮ್ಮಲ್ಲಿ ಕುಲ ಬರುವುದು ತಾಯಿಯಿಂದ. ಅದಕ್ಕೆ ಬರಿ ಎನ್ನುತ್ತೇವೆ. ಗಂಡಸಿನ ಮಕ್ಕಳು ಅವರ ತಾಯಿಯ ಬರಿಯವರು, ಅವನ ಬರಿ ಮುಂದುವರಿಯುವುದು ಅವನ ಅಕ್ಕತಂಗಿಯರ ಮಕ್ಕಳಲ್ಲಿ. ಕುಟುಂಬ ಎಂದರೆ ದೇಜಪ್ಪನ ತಲೆಯಲ್ಲಿ ಬೇರೆ ಅರ್ಥವೇ ಇರಲಿಲ್ಲ. ಮೊದಲ ಹೆಂಗಸು ನೇಲ್ಟ್ಯೆ, ಆಮ್‌ಸ್ಟರ್‌ಡಾಮಿನ ಅನಾಥಾಲಯದವಳು. ಹದಿನಾಲ್ಕನೆಯ ವಯಸ್ಸಿಗೆ ಹಡಗಿನಲ್ಲಿ ಹೊಸ ದೇಶಕ್ಕೆ ಕಳಿಸಲ್ಪಟ್ಟು ಒಬ್ಬ ರೊಟ್ಟಿಯವನ ಮನೆಯಲ್ಲಿ ಕೆಲಸಕ್ಕೆ ನಿಂತವಳು. ಅವಳು, ಅವಳ ಮಗಳು, ಮೊಮ್ಮಗಳು, ಮದುವೆಯಾದ ಮೇಲೂ ತಮ್ಮ ಹೆಸರನ್ನೇ ಉಳಿಸಿಕೊಂಡಿದ್ದರು. ದೇಜಪ್ಪನಿಗೆ ಇನ್ನೇನು ಪುರಾವೆ ಬೇಕು? ಇಂಗ್ಲಿಷರು ಆ ಊರನ್ನು ಹಿಡಿದ ಮೇಲೆ ಹೆಂಗಸರ ಹೆಸರಿನ ಹಿಂದೆ ಗಂಡಂದಿರ ಹೆಸರು ಕಾಣಿಸಿಕೊಂಡವು. “ನೋಡು, ಕಾನೂನು ತಂದು ಇವರನ್ನೂ ಹಾಳು ಮಾಡಿದ್ರು,” ಎಂದು ಅವನು ನಿಜವಾಗಿಯೂ ನೊಂದುಕೊಂಡ.

ನಾನು ಇತಿಹಾಸದಲ್ಲಿ ಎಂ.ಎ., ಪ್ರಥಮ ದರ್ಜೆ. ಅವನಿಗೆ ಎರಡು ಇಸವಿ ತಿದ್ದಿಕೊಟ್ಟೆ. ಉಳಿದದ್ದರಲ್ಲಿ ತಪ್ಪಿದೆ ಎಂದು ನನಗೂ ಹೊಳೆಯಲಿಲ್ಲ.

ಚೌಕಟ್ಟು ಹಾಕಿಸಿ, ಕಂದು ಕಾಗದ ಸುತ್ತಿ, ಪಾರ್ಟಿಯ ಹಿಂದಿನ ವಾರದ ಬುಧವಾರ ಮಧ್ಯಾಹ್ನ ಸಾಹೇಬರ ಕೋಣೆಯಲ್ಲಿ ಇಟ್ಟು ಬಂದ. ಸಂಜೆ ಬಸ್ ಸ್ಟಾಪಿನಲ್ಲಿ ಕುಸಿದುಬಿದ್ದ. ಮೂವತ್ತಾರು ವರ್ಷ. ಪುಸ್ತಕ ನಮ್ಮ ಊಟದ ಮೇಜಿನ ಮೇಲೆಯೇ ಉಳಿಯಿತು.

“ಪಾರ್ಟಿಯಲ್ಲಿ ಸಾಹೇಬರು ಭಾಷಣ ಮಾಡಿದ್ರು,” ಎಂದು ಪೀಟರ್ ಮುಂದುವರಿಸಿದರು. “ಗಾಳಿಗಿರಣಿ, ಜಮೀನು, ಗಂಡುಕುಲ. ಹಾಲೆಂಡಿನವನೇ ಒಬ್ಬ ದೊಡ್ಡ ಜನ ಮುಖ್ಯ ಅತಿಥಿ. ಬಟ್ಟೆ ಎಳೆದ್ರು. ಎಲ್ಲ ಚಪ್ಪಾಳೆ. ಆ ಹಾಲೆಂಡಿನವ ಕನ್ನಡಕ ಹಾಕಿ ಗಟ್ಟಿಯಾಗಿ ಓದ್ಲಿಕ್ಕೆ ಶುರು ಮಾಡಿದ. ‘ಕುಟುಂಬದ ಮೂಲ: ನೇಲ್ಟ್ಯೆ, ಅನಾಥೆ, ಮನೆಗೆಲಸದವಳು.’ ಚಪ್ಪಾಳೆ ನಿಂತಿತು.”

“ದೇವರೇ,” ಎಂದರು ಭಾವ.

“ಅದು ಎಂತದೂ ಅಲ್ಲ. ಸಾಹೇಬರ ಹೆಸರು ಕೆಳಗೆ, ಮೂಲೆಯಲ್ಲಿ. ಅದರ ಕೆಳಗೆ ನಮ್ಮ ದೇಜಪ್ಪಣ್ಣ ಚಂದಕ್ಕೆ ಟೈಪ್ ಮಾಡಿದ್ದಾರೆ: ‘ಗಂಡು. ಗೌರವಾನ್ವಿತರು. ಸಂತಾನ ಇವರಲ್ಲಿಗೆ ನಿಲ್ಲುತ್ತದೆ.’”

“ಮಕ್ಕಳಿಲ್ವಾ ಅವರಿಗೆ?”

“ಇಬ್ಬರು! ಅಲ್ಲೇ ನಿಂತಿದ್ದಾರೆ, ಕೈಯಲ್ಲಿ ಜ್ಯೂಸು! ಒಬ್ಬೊಬ್ಬ ಆರಾರು ಅಡಿ! ಅವರ ಬಗ್ಗೆ ಒಂದು ಚುಕ್ಕೆ ಹಾಕಿ ಅಡಿಯಲ್ಲಿ ಬರೆದದ್ದು: ‘ಇವರ ಪುತ್ರರಿಗಾಗಿ ಇವರ ಪತ್ನಿಯ ಕುಟುಂಬದ ಪುಸ್ತಕ ನೋಡುವುದು.’ ಹಾಲೆಂಡಿನವ ಅದನ್ನೂ ಓದಿದ. ಆಗ ಸಾಹೇಬರ ಹೆಂಡತಿ, ಮೇಡಂ, ನಕ್ಕರು.” ಪೀಟರ್ ಬೆವರು ಒರೆಸಿಕೊಂಡರು. “ಅಕ್ಕ, ಮೇಡಂ ನಗಬಾರ್ದಿತ್ತು.”

ನನಗೂ ನಗು ಬಂತು. ಹತ್ತು ದಿನದಲ್ಲಿ ಮೊದಲ ಸಲ. ಅದು ಗಂಟಲಿನವರೆಗೆ ಬಂದು, ಭಾವನ ಮುಖ ನೋಡಿ, ಅಲ್ಲಿಯೇ ಸಿಟ್ಟಾಗಿ ಕೂತಿತು.

“ಸಾಹೇಬರು ಎಂತ ಹೇಳ್ತಾರೆ?” ಭಾವ ಕೇಳಿದರು.

“ಪುಸ್ತಕ ಕೊಡ್ಬೇಕು. ಮತ್ತೆ, ದೇಜಪ್ಪಣ್ಣನಿಗೆ ತಲೆ ಸರಿ ಇರ್ಲಿಲ್ಲ ಅಂತ ಹೆಂಡತಿಯದ್ದು ಒಂದು ಕಾಗದ. ಅತಿಥಿಗಳಿಗೆಲ್ಲ ಕಳಿಸ್ಲಿಕ್ಕೆ. ಎರಡೂ ಬಂದ್ರೆ ಎನ್‌ಒಸಿ.”

“ಪುಸ್ತಕ ನಾನೇ ತಂದುಕೊಡುತ್ತೇನೆ ಎನ್ನಿ,” ಎಂದೆ. ಕಾಗದದ ವಿಷಯ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಏಕೆಂದರೆ ಆ ಜವಾಬ್ದಾರಿಯನ್ನು ಸಮಾಜ ವಹಿಸಿಕೊಂಡಿತು.

ಭಾನುವಾರ ಸಂಜೆ ನಮ್ಮ ಹೊರಕೋಣೆಯಲ್ಲಿ ಸಭೆ ಸೇರಿತು. ನಮ್ಮವರ ಸಂಘದ ಅಧ್ಯಕ್ಷ ಪೂವಪ್ಪ, ಅವರ ಹೆಂಡತಿ ಮೋಹಿನಿ, ಕ್ಲೆಮೆಂಟಿನಾ ಬಾಯಿ, ಕಾರ್ಯದರ್ಶಿ ಸ್ಥಾನದಲ್ಲಿ ಭಾವ. ನಾನು ಚಹಾ ಕೊಟ್ಟೆ.

ಭಾವ ಮೊದಲ ಸಾಲನ್ನು ಆಗಲೇ ಬರೆದಿದ್ದರು: ‘ನನ್ನ ದಿವಂಗತ ಪತಿಯವರು ಕೆಲವು ಕಾಲದಿಂದ ಮಿದುಳಿನ ಜ್ವರದಿಂದ ಬಳಲುತ್ತಿದ್ದು…’

“ಜ್ವರ ಸಾಲದು,” ಎಂದರು ಪೂವಪ್ಪ. “ಜ್ವರ ಇದ್ದವ ಎರಡು ತಿಂಗಳು ಕೂತು ಟೈಪ್ ಮಾಡುದುಂಟಾ? ಹಳೇ ಕಾಯಿಲೆ ಬೇಕು. ಸಣ್ಣದಿರುವಾಗ ಎಲ್ಲಿಂದಾದ್ರೂ ಬಿದ್ದಿದ್ನಾ?”

“ತೆಂಗಿನ ಮರ,” ಎಂದು ಭಾವ ತಕ್ಷಣ ಬರೆದುಕೊಂಡರು.

“ಅವರು ಯಾವ ಮರವನ್ನೂ ಹತ್ತಿದವರಲ್ಲ,” ಎಂದೆ.

“ಅಮೆರಿಕದವನಿಗೆ ಹೇಗೆ ಗೊತ್ತಾಗ್ತದೆ ಕುಸುಮಾ?” ಎಂದು ಮೋಹಿನಿ ನನ್ನ ಕೈ ಒತ್ತಿದಳು. “ಸಕ್ಕರೆ ಕಾಯಿಲೆಯೂ ಹಾಕಿ. ಅವರಲ್ಲಿ ಸಕ್ಕರೆಗೆ ಭಾರೀ ಮರ್ಯಾದೆ ಉಂಟು.”

“ಯೇ ದೇವಾ ಸಾಯ್ಬಾ, ಬಿಸಿಲು ಬಿಟ್ರಲ್ಲ!” ಎಂದರು ಕ್ಲೆಮೆಂಟಿನಾ ಬಾಯಿ. “ಇಲ್ಲಿಯ ಬಿಸಿಲಿಗೆ ನನ್ನ ಗಂಡನ ತಲೆ ಹೋಗಿ ಎಷ್ಟು ವರ್ಷ ಆಯ್ತು. ಅವರು ನಡ್ಕೊಂಡು ಹೋಗ್ತಿದ್ದದ್ದು ನಾನೇ ನೋಡಿದ್ದೇನೆ, ಟೋಪಿ ಇಲ್ಲದೆ.”

ಬಿಸಿಲೂ ಸೇರಿತು. ಆಮೇಲೆ ಕಾಮಾಲೆ ಸೇರಿತು, ಅದರ ಹಿಂದೆ ಒಂದು ಸಲದ ಮೂರ್ಛೆ. ಎಂಟು ಗಂಟೆಯ ಹೊತ್ತಿಗೆ ಕಾಗದ ಎರಡು ಪುಟವಾಗಿತ್ತು. ಬದುಕಿದ್ದಷ್ಟು ದಿನ ಒಂದು ನೆಗಡಿಗೂ ರಜೆ ಹಾಕದ ನನ್ನ ಗಂಡನ ಆರೋಗ್ಯ, ಸತ್ತ ಮೇಲೆ ಗಂಟೆಗಂಟೆಗೂ ಕೆಡುತ್ತಾ ಹೋಯಿತು. ಇನ್ನು ಅರ್ಧ ಗಂಟೆ ಬಿಟ್ಟಿದ್ದರೆ ಅವನು ಎರಡನೆಯ ಸಲ ಸಾಯುತ್ತಿದ್ದ.

“ಇಲ್ಲಿ ಸಹಿ ಹಾಕು,” ಎಂದು ಭಾವ ಪೆನ್ನು ಕೊಟ್ಟರು. “ಮೂರು ಕಡೆ.”

“ಇಲ್ಲ.”

“ಎಂತ ಇಲ್ಲ?”

“ಅವರಿಗೆ ಹುಚ್ಚಿರಲಿಲ್ಲ.”

“ಹುಚ್ಚು ಅಂತ ಎಲ್ಲಿ ಬರೆದಿದ್ದೇವೆ? ತೆಂಗಿನ ಮರ ಅಂತ ಅಲ್ವಾ ಬರೆದದ್ದು!” ಪೂವಪ್ಪನವರಿಗೆ ಬೇಸರವಾಯಿತು. “ಸತ್ತವನಿಗೆ ಎಂತ ನಷ್ಟ? ನಿನಗೆ ಸೂರಿನ ಕೆಲಸ ಬೇಡವಾ?”

“ಕುಸುಮಾ,” ಭಾವ ದನಿ ಎತ್ತರಿಸಿದರು, “ನೀನು ನಮ್ಮ ಮನೆಯವಳು. ಮನೆಯ ಮರ್ಯಾದೆ ನೋಡುವವ ಈಗ ನಾನು. ನಾನು ಹೇಳಿದ ಹಾಗೆ ಮಾಡು.”

“ನಿಮ್ಮದು ಯಾವ ಬರಿ ಭಾವ?”

“ಎಂತ?”

“ನಿಮ್ಮ ಬರಿಯೂ ನನ್ನ ಬರಿಯೂ ಒಂದೆಯಾ?”

“ಒಂದಾದ್ರೆ ಮದುವೆ ಹೇಗೆ ಆಗ್ತಿತ್ತು? ಬೇರೆ ಬೇರೆ.”

“ಹಾಗಾದರೆ ನಾನು ನಿಮ್ಮ ಮನೆಯವಳು ಆಗುವುದು ಹೇಗೆ? ಹೂಫ್ ಸಾಹೇಬರ ಮಕ್ಕಳಿಗೆ ಅವರ ಅಮ್ಮನ ಪುಸ್ತಕ ನೋಡಿ ಎಂದು ನಿಮ್ಮ ತಮ್ಮ ಬರೆದದ್ದು ಇದನ್ನೇ. ನೀವು ನೋಡಬೇಕಾದ ಪುಸ್ತಕದಲ್ಲಿ ನಾನಿಲ್ಲ.”

ಭಾವ ಕಾಗದವನ್ನು ನನ್ನ ಹತ್ತಿರಕ್ಕೆ ಇನ್ನಷ್ಟು ಸರಿಸಿದರು. ಆಮೇಲೆ, “ಅದೆಲ್ಲ ಮದುವೆಗೆ, ಸತ್ತವರ ಬೊಜ್ಜಕ್ಕೆ ನೋಡುದು,” ಎಂದರು. “ಸಹಿ ಹಾಕ್ಲಿಕ್ಕೆ ಎಂತ ಬರಿ?”

ಸೋಮವಾರ ಪೀಟರ್ ಮತ್ತೆ ಬಂದರು. ಈ ಸಲ ಚಪ್ಪಲಿ ಬಿಚ್ಚುವುದನ್ನೇ ಮರೆತು ಒಳಗೆ ಬಂದರು.

“ಅಕ್ಕ, ನಿಮ್ಮ ಗಂಡ ಎಂತ ಮಾಡಿಟ್ಟು ಹೋಗಿದ್ದಾರೆ ಗೊತ್ತುಂಟಾ? ಕಾಪಿ ಕಳಿಸಿದ್ದಾರೆ!”

“ಯಾರಿಗೆ?”

“ಸಾಹೇಬರ ಅಕ್ಕನಿಗೆ! ಅಮೆರಿಕಕ್ಕೆ! ಅವರಿಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ! ಆಕೆ ಇವತ್ತು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದಾಳೆ. ಸಾಹೇಬರು ರಿಸೀವರನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದ್ದಾರೆ. ಡ್ರಾಯರಿನ ಒಳಗಿಂದ ಆಕೆಯ ಸ್ವರ ಕೇಳ್ತಾ ಇತ್ತು.”

ದೇಜಪ್ಪ ಸೆಕ್ರೆಟರಿಯಾಗಿದ್ದ. ಸಂಬಂಧಪಟ್ಟವರಿಗೆ ಪ್ರತಿ ಕಳಿಸದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಕುಟುಂಬದ ಪಟ್ಟಿ ಸಿದ್ಧವಾದ ಮೇಲೆ ಅದನ್ನು ಕುಟುಂಬದ ಯಜಮಾನಿಗೆ ತೋರಿಸಬೇಕಲ್ಲವೇ? ಮೊದಲ ಪುಟದ ಹತ್ತನೆಯ ಹೆಸರು ಹೆಂಡ್ರಿಕಾ. ಸಾಹೇಬರ ಅಕ್ಕ, ಅರುವತ್ತೊಂದು ವರ್ಷ. ಹೆಸರಿನ ಕೆಳಗೆ ವಿಳಾಸವೂ ಇತ್ತು. ಪಾರ್ಟಿಗೆ ಮೂರು ವಾರ ಮೊದಲೇ ಕಾರ್ಬನ್ ಪ್ರತಿ ಹೋಗಿತ್ತು, ಮೇಲೊಂದು ಪತ್ರ: ‘ಮಾನ್ಯರೇ, ಕುಟುಂಬದ ಯಜಮಾನಿಯಾದ ತಮ್ಮ ಅವಗಾಹನೆಗೆ ಮತ್ತು ಒಪ್ಪಿಗೆಗೆ.’

ನನ್ನನ್ನು ಒಂದು ಮಾತು ಕೇಳಬಹುದಿತ್ತು. ಮಾರಾಯ, ಒಂದೇ ಒಂದು ಮಾತು.

ಪೀಟರ್ ಜೇಬಿನಿಂದ ಒಂದು ಲಕೋಟೆ ತೆಗೆದರು. ಆಫೀಸಿನ ಪೆಟ್ಟಿಗೆಗೆ ದೇಜಪ್ಪನ ಹೆಸರಿಗೆ ಬಂದ ಏರ್‌ಮೇಲ್. ಸಾಹೇಬರ ಕೈಗೆ ಸಿಗುವ ಮೊದಲು ತಂದದ್ದು. ತೆರೆದು ಓದಿದೆ.

ಆಕೆಯ ಅಕ್ಷರ ದಪ್ಪವಾಗಿತ್ತು. ತನ್ನ ಮನೆಯ ಹೆಂಗಸರನ್ನು ಒಂದು ಹಾಳೆಯಲ್ಲಿ ಒಟ್ಟಿಗೆ ನೋಡಿದ್ದು ಇದೇ ಮೊದಲು ಎಂದು ಬರೆದಿದ್ದಳು. ನೇಲ್ಟ್ಯೆ ಹುಟ್ಟಿದ ಇಸವಿಯನ್ನು ದೇಜಪ್ಪ ಸರಿಯಾಗಿ ಹಿಡಿದಿದ್ದಾನೆಂದೂ, ತನ್ನ ಅಜ್ಜಿಯೇ ಅಲ್ಲಿ ಒಂದು ವರ್ಷ ತಪ್ಪಿದ್ದಳೆಂದೂ ಬರೆದಿದ್ದಳು. ಅದು ನಾನು ತಿದ್ದಿಕೊಟ್ಟದ್ದು. ಕೊನೆಗೆ: ‘ಆ ಪುಸ್ತಕ ನಿಮ್ಮ ಬಳಿ ಇದೆಯೆಂದು ತಿಳಿದು ನನಗೆ ಜೀವ ಬಂದಂತಾಯಿತು. ಅಮ್ಮನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ, ಒಂದು ವಾರಕ್ಕೆ ಎರವಲು ಎಂದು ನನ್ನ ತಮ್ಮ ಅದನ್ನು ಒಯ್ದ. ಅದಾಗಿ ಹನ್ನೊಂದು ವರ್ಷ. ನನ್ನ ಮಗಳ ಹೆಸರನ್ನು ನಾನಿನ್ನೂ ಅದರಲ್ಲಿ ಬರೆದಿಲ್ಲ. ಅವನು ಕೇಳಿದರೆ ಕೊಡಬೇಡಿ, ದಯವಿಟ್ಟು.’

“ಏನಂತೆ?” ಎಂದರು ಭಾವ.

“ಪುಸ್ತಕ ಸಾಹೇಬರದ್ದಲ್ಲವಂತೆ.”

“ಯಾರದ್ದಾದ್ರೆ ನಮಗೆ ಎಂತ? ದೇಜು ತಂದದ್ದು ಯಾರ ಕೈಯಿಂದ? ಸಾಹೇಬರ ಕೈಯಿಂದ. ಅವರ ಕೈಗೇ ಕೊಡು, ಎನ್‌ಒಸಿ ತಕ್ಕೋ, ಖಲಾಸ್.”

ಮಾತು ಸ್ಟೋರ್‌ಕೀಪರಿಗೆ ತಕ್ಕದ್ದಾಗಿತ್ತು. ನಾನೂ ಅದನ್ನೇ ಯೋಚಿಸುತ್ತಿದ್ದೆ ಎಂಬುದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಮಂಗಳವಾರ ಹತ್ತು ಗಂಟೆಗೆ ಕಂಪನಿಯ ಕಾರು ಬಂತು. ಡ್ರೈವರ್ ಉಳ್ಳಾಲದ ಆದಂ. ಮುಂದಿನ ಸೀಟಿನಲ್ಲಿ ಭಾವ, ಅವರ ತೊಡೆಯ ಮೇಲೆ ತೆಂಗಿನ ಮರದ ಕಾಗದ, ಮೂರು ಪ್ರತಿ. ಹಿಂದೆ ನಾನು, ಪುಸ್ತಕ ಬಟ್ಟೆಯ ಚೀಲದಲ್ಲಿ.

ಸಾಹೇಬರ ಕೋಣೆಯಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ಸಾಹೇಬರ ಮುಖ ಮಾತ್ರವೇ ಬಿಸಿಯಾಗಿತ್ತು. ಚೌಕಟ್ಟು ಗೋಡೆಗೆ ಮುಖ ಮಾಡಿ ನಿಂತಿತ್ತು. ಫೋನು ಕಾಣಿಸಲಿಲ್ಲ.

“ನಿಮ್ಮ ಗಂಡನ ಬಗ್ಗೆ ವಿಷಾದವಿದೆ,” ಎಂದರು. “ಒಳ್ಳೆಯ ಟೈಪಿಸ್ಟ್. ಒಂದು ತಪ್ಪೂ ಇರುತ್ತಿರಲಿಲ್ಲ.”

“ಇದರಲ್ಲೂ ಇಲ್ಲ ಸಾರ್.”

ಭಾವ ನನ್ನ ಕಾಲು ತುಳಿದು, ಕಾಗದವನ್ನು ಎರಡೂ ಕೈಯಿಂದ ಮುಂದಿಟ್ಟರು. ಸಾಹೇಬರು ಓದಿದರು. ಅವರ ಹುಬ್ಬು ಒಂದೊಂದು ಕಾಯಿಲೆಗೆ ಒಂದೊಂದು ಮೆಟ್ಟಿಲು ಏರಿತು.

“ಮಿದುಳಿನ ಜ್ವರ, ಮೂರ್ಛೆ, ಕಾಮಾಲೆ, ಮರದಿಂದ ಬಿದ್ದದ್ದು… ಇಂಥವನನ್ನು ನಾನು ಎಂಟು ವರ್ಷ ಕೆಲಸಕ್ಕೆ ಇಟ್ಟುಕೊಂಡಿದ್ದೆನೆ? ಇದನ್ನು ಯಾರಿಗಾದರೂ ತೋರಿಸಿದರೆ ನನ್ನನ್ನೇ ಹುಚ್ಚ ಎಂದಾರು.” ಕಾಗದವನ್ನು ಪಕ್ಕಕ್ಕೆ ತಳ್ಳಿದರು. “ಇದು ಬೇಡ. ಪುಸ್ತಕ ಸಾಕು.”

ಎರಡು ಪುಟಗಳ ರೋಗಗಳೆಲ್ಲ ಒಂದೇ ನಿಮಿಷದಲ್ಲಿ ವ್ಯರ್ಥವಾದವು. ಭಾವನ ಮುಖ ನೋಡುವಂತಿರಲಿಲ್ಲ.

ಸಾಹೇಬರು ಡ್ರಾಯರಿನಿಂದ ಇನ್ನೊಂದು ಕಾಗದ ತೆಗೆದರು. ನನ್ನ ಎನ್‌ಒಸಿ. ಹೆಸರು, ಪಾಸ್‌ಪೋರ್ಟ್ ನಂಬರು, ಸೂರಿನ ಶಾಲೆ, ಕಂಪನಿಯ ಮುದ್ರೆ, ಎಲ್ಲ ಇತ್ತು. ಸಹಿಯ ಜಾಗ ಖಾಲಿ. ಪೆನ್ನಿನ ಕ್ಯಾಪ್ ತೆಗೆದು ಅದರ ಮೇಲೆ ಹಿಡಿದರು. “ನೀವು ಪುಸ್ತಕ ಇಡಿ. ನಾನು ಸಹಿ ಹಾಕುತ್ತೇನೆ.”

ಪುಸ್ತಕ ತೆಗೆದೆ. ಅವರ ಕೈ ಮುಂದೆ ಬಂತು. ನಾನು ಮೊದಲ ಪುಟ ತೆರೆದೆ.

“ಇದನ್ನು ಓದಿದ್ದೀರಾ ಸಾರ್?”

“ಅದು ಡಚ್. ನನಗೆ ಬರುವುದಿಲ್ಲ.”

“ಕೆಳಗೆ ಪೆನ್ಸಿಲಿನಲ್ಲಿ ಇಂಗ್ಲಿಷ್ ಇದೆ. ‘ಈ ಪುಸ್ತಕ ಮಗಳ ಜೊತೆ ಹೋಗುತ್ತದೆ.’ ನೀವು ಮಗಳಲ್ಲ.”

“ಅದು ಹೆಂಗಸರ ಗೀಚಾಟ. ಯಾರು ಹುಟ್ಟಿದರು, ಯಾರಿಗೆ ದಡಾರ ಬಂತು. ಅದರಿಂದ ಯಾರಿಗೆ ಏನು?”

“ಹಾಗಿದ್ದರೆ ನಿಮಗೇಕೆ?”

ಪೆನ್ನು ಮೇಜಿನ ಮೇಲೆ ಬಿತ್ತು. “ಅದರ ಕೊನೆಯಲ್ಲಿ ನನ್ನ ತಂದೆಯ ಕುಟುಂಬ ಇದೆ! ನಾನು ಅದನ್ನು ಎರವಲು ತಂದದ್ದು, ನನ್ನ ಅಕ್ಕನಿಗೆ ನಾನೇ ಕೊಡುತ್ತೇನೆ!”

“ಹನ್ನೊಂದು ವರ್ಷವಾಯಿತು ಸಾರ್.”

ಬಾಗಿಲಿನ ಆಚೆ ಪೀಟರಿನ ಟೈಪ್‌ರೈಟರ್ ನಿಂತಿತು. ಸಾಹೇಬರು ಎದ್ದು ನಿಂತರು. ಇಡೀ ಆರಡಿ. “ಪುಸ್ತಕ ಇಲ್ಲಿಡಿ. ಇಲ್ಲದಿದ್ದರೆ ಶನಿವಾರದ ವಿಮಾನದಲ್ಲಿ ನೀವು ಇರುತ್ತೀರಿ.”

“ಕೊಡು ಕುಸುಮಾ!” ಭಾವ ಎರಡೂ ಕೈ ಹಾಕಿ ಪುಸ್ತಕ ಹಿಡಿದರು. “ಕೊಡು, ನಿನ್ನ ಕಾಲಿಗೆ ಬೀಳ್ತೇನೆ!”

ಕಾಲಿಗೆ ಬೀಳುವವರು ಹಾಗೆ ಎಳೆಯುವುದಿಲ್ಲ. ನಾನೂ ಎಳೆದೆ. ಮುನ್ನೂರು ವರ್ಷಗಳ ಇತಿಹಾಸ ನಮ್ಮಿಬ್ಬರ ನಡುವೆ ಹಿಂದಕ್ಕೂ ಮುಂದಕ್ಕೂ ಓಡಾಡಿತು. ಅವರ ಕಂಕುಳಿನಿಂದ ‘ಫೈನಲ್’ ಫೈಲು ಜಾರಿ, ಮರಣಪತ್ರದ ಮೂರು ಪ್ರತಿಗಳು ಕಾರ್ಪೆಟ್ಟಿನ ಮೇಲೆ ಚೆಲ್ಲಿದವು. ಅವನ್ನು ಹಿಡಿಯಲು ಭಾವ ಒಂದು ಕೈ ಬಿಟ್ಟರು. ಅಷ್ಟು ಸಾಕಾಯಿತು.

ನಾನು ಬಾಗಿಲು ದಾಟುವಾಗ ಹಿಂದಿನಿಂದ ಭಾವ ಇಂಗ್ಲಿಷಿನಲ್ಲಿ ಕೂಗುವುದು ಕೇಳಿಸಿತು: “ಸಾರ್, ಇವಳಿಗೂ ಅದೇ ಜ್ವರ, ಸಾರ್!”

ಕೆಳಗೆ ಆದಂ ಕಾರಿಗೆ ಒರಗಿ ನಿಂತಿದ್ದ.

“ಮನೆಗಾ ಅಕ್ಕಾ?”

“ಪೋಸ್ಟ್ ಆಫೀಸಿಗೆ.”

ಅವನು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದ. ಆಫೀಸಿನ ಕಿಟಕಿ ನೋಡಿದ. “ಸಾಹೇಬ ನನ್ನನ್ನು ಬೈತಾರೆ.”

“ಹೌದು.”

ಹಿಂದಿನ ಬಾಗಿಲು ತೆರೆದ. “ಎಸಿ ಹಾಕ್ಲಾ?”

ಪೋಸ್ಟ್ ಆಫೀಸಿನಲ್ಲಿ ಉದ್ದದ ಸಾಲು. ಊರಿಗೆ ಡ್ರಾಫ್ಟು ಕಳಿಸುವವರು, ಕ್ಯಾಸೆಟ್ಟು ಕಳಿಸುವವರು. ದಾರಿಯಲ್ಲಿ ಕಂದು ಕಾಗದ, ಹುರಿ ಕೊಂಡು, ಕಾರಿನ ಹಿಂದಿನ ಸೀಟಿನಲ್ಲಿಯೇ ಪುಸ್ತಕಕ್ಕೆ ಸುತ್ತಿದ್ದೆ. ಗಂಟು ಹಾಕುವಾಗ ಬೆರಳಿಟ್ಟು ಹಿಡಿದದ್ದು ಆದಂ. ನನ್ನ ಸರದಿ ಬಂದಾಗ ಕೌಂಟರಿನ ಒಮಾನಿ ಯುವಕ ಒಂದು ಫಾರ್ಮು ತಳ್ಳಿ, ಹಿಂದಿಯಲ್ಲಿ ಮಾತಾಡಿದ.

“ಒಳಗೆ ಏನು?”

“ಪುಸ್ತಕ.”

“ಉಡುಗೊರೆಯೋ, ಮಾರಾಟದ್ದೋ, ಸ್ಯಾಂಪಲ್ಲೋ? ಒಂದಕ್ಕೆ ಗುರುತು ಹಾಕಿ.”

“ಮೂರೂ ಅಲ್ಲ. ಎರವಲು ತಂದದ್ದು. ವಾಪಸ್ ಕೊಡುತ್ತಿದ್ದೇವೆ.”

“ಅದಕ್ಕೆ ಚೌಕ ಇಲ್ಲ ಮೇಡಂ.”

ಮೂರು ಚೌಕಗಳ ಕೆಳಗೆ ನಾಲ್ಕನೆಯದೊಂದನ್ನು ನಾನೇ ಗೀರಿ ‘ವಾಪಸ್’ ಎಂದು ಇಂಗ್ಲಿಷಿನಲ್ಲಿ ಬರೆದು ಗುರುತು ಹಾಕಿದೆ. ಅವನು ಅದನ್ನು ಅನುಮಾನದಿಂದ ನೋಡಿದ. ಆಮೇಲೆ ಮೇಲಿನ ಸಾಲಿಗೆ ಬೆರಳಿಟ್ಟ. ಕಳಿಸುವವರು: ದೇಜಪ್ಪ.

“ಇದು ನೀವಾ?”

“ನನ್ನ ಗಂಡ.”

“ಕಳಿಸುವವರೇ ಸಹಿ ಹಾಕಬೇಕು. ಅವರಿಗೆ ಬರಲು ಹೇಳಿ.”

“ಬರುವುದಿಲ್ಲ.”

“ಹೊರಗೆ ಕಾರಿನಲ್ಲಿದ್ದಾರಾ? ಎರಡು ನಿಮಿಷ ಬರಲಿ. ಇಲ್ಲಿ ಎಲ್ಲರೂ ಬರುತ್ತಾರೆ.”

“ಸತ್ತಿದ್ದಾರೆ!” ಎಂದೆ. ಅಷ್ಟು ಗಟ್ಟಿಯಾಗಿ ನಾನು ಆ ದೇಶದಲ್ಲಿ ಅದುವರೆಗೆ ಮಾತಾಡಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. “ತಂದವರು ಸತ್ತಿದ್ದಾರೆ. ಇದಕ್ಕಾಗಿ ನನ್ನ ಕೆಲಸ ಹೋಗಿದೆ, ವೀಸಾ ಹೋಗಿದೆ, ಶನಿವಾರ ನಾನೂ ಹೋಗುತ್ತೇನೆ. ಅವರು ತಂದದ್ದನ್ನು ಅದರ ಯಜಮಾನಿಗೆ ಕೊಟ್ಟೇ ಹೋಗುವವಳು ನಾನು. ಮುದ್ರೆ ಒತ್ತು!”

ದೇಜಪ್ಪನ ಹೆಸರಿನ ಮುಂದೆ ನನ್ನ ಸಹಿ ಹಾಕಿ ಫಾರ್ಮನ್ನು ತಳ್ಳಿದೆ. ಯುವಕ ಫಾರ್ಮನ್ನು ತನ್ನ ಕಡೆಗೆ ಎಳೆದುಕೊಂಡ. ಮುದ್ರೆ ಎತ್ತಿಕೊಂಡ. ಒಂದು ಒತ್ತಿದರೆ ಸಾಕಾಗಿತ್ತು. ಅವನು ಮೂರು ಒತ್ತಿದ.